ಹಿನ್ನೀರಿಗೊಂದು ಹಾಯಿ: ಚಿಕ್ಕ ಕ್ಯಾಟಮರಾನ್ ಆರಿಸುವುದು ಹೇಗೆ?

2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಅಲ್ಲಿಯವರೆಗೆ ಸಿಗಂದೂರಿಗೆ ಹೊರಟವರು ಹೊಳೆಬಾಗಿಲಲ್ಲಿ ಲಾಂಚಿಗೆ ಕಾಯುತ್ತಾ, ಶರಾವತಿ ಹಿನ್ನೀರು ನೋಡುತ್ತಾ ಕೂರಬೇಕಿತ್ತು. ಈಗ ಕಾರಿನ ಕಿಟಕಿ ಇಳಿಸುವಷ್ಟರಲ್ಲಿ ಆಚೆ ದಡ. ವಿಚಿತ್ರ ಅಂದ್ರೆ, ನೀರು ದಾಟುವುದು ಸಲೀಸಾದ ಮೇಲೆ ನಮ್ಮ ಬಳಗದಲ್ಲಿ ನೀರಿನ ಮೇಲೆ ಸುಮ್ನೆ ತಿರುಗುವ ಆಸೆ ಜಾಸ್ತಿಯಾಗಿದೆ.

ಹಿನ್ನೀರಿನ ದಂಡೆಯಲ್ಲಿ ಜಮೀನಿರುವ ನಮ್ಮ ಭಾವ ಮೊನ್ನೆ ಫೋನ್ ಮಾಡಿದರು. ಅವರದ್ದೊಂದು ಸಣ್ಣ ಹೋಂಸ್ಟೇ ಇದೆ. "ಎರಡು ದೋಣಿ ಜೋಡಿಸಿ, ನಡುವೆ ಬಲೆ ಕಟ್ಟಿ, ಹಾಯಿ ಏರಿಸಿರ್ತಾರಲ್ಲ ಮಾರಾಯ, ಅಂಥದ್ದೊಂದು ತರ್ಬೇಕು ಅಂತ ಮಾಡಿದ್ದೀನಿ. ಯಾವುದು ಒಳ್ಳೇದು?"

ಕರಾವಳಿಯಲ್ಲಿ ಕೆಲಸದಲ್ಲಿದ್ದಾಗ ಒಂದೆರಡು ವರ್ಷ ಭಾನುವಾರಗಳನ್ನು ನಾನು ಇಂಥ ದೋಣಿಯ ಮೇಲೆ ಕಳೆದಿದ್ದೇನೆ. ಅದಕ್ಕೇ ಈ ಪ್ರಶ್ನೆ ನನಗೆ ಬಂತು. ನಾನು ಉತ್ತರ ಕೊಡುವ ಬದಲು ಅವರಿಗೊಂದು ಕೆಲಸ ಹೇಳಿದೆ: ನಿಮ್ಮ ಕೊಟ್ಟಿಗೆಯಿಂದ ನೀರಿನ ಅಂಚಿನವರೆಗೆ ನಡೆದು ಹೆಜ್ಜೆ ಎಣಿಸಿ. ಈಗೊಮ್ಮೆ ಎಣಿಸಿ, ಮೇ ತಿಂಗಳಲ್ಲಿ ಇನ್ನೊಮ್ಮೆ ಎಣಿಸಿ. ಅದೇಕೆ ಅನ್ನುವುದು ಮುಂದೆ ಬರುತ್ತದೆ.

ಕಟ್ಟು ಮತ್ತು ಮರ

ಕ್ಯಾಟಮರಾನ್ ಅನ್ನೋದು ಪರದೇಶದ ಪದದಂತೆ ಕೇಳುತ್ತದೆ. ಬಿಡಿಸಿದರೆ 'ಕಟ್ಟು' ಮತ್ತು 'ಮರ', ಅಷ್ಟೇ. ತಮಿಳಿನ 'ಕಟ್ಟುಮರಂ' ಇಂಗ್ಲಿಷಿಗೆ ಹೋಗಿ, ವೇಷ ಬದಲಿಸಿಕೊಂಡು ನಮ್ಮಲ್ಲಿಗೇ ವಾಪಸ್ ಬಂದಿದೆ. ಇದರಲ್ಲೊಂದು ತಮಾಷೆಯೂ ಇದೆ. ಕೋರಮಂಡಲ ಕರಾವಳಿಯ ಮೀನುಗಾರರ ಅಸಲಿ ಕಟ್ಟುಮರ ಜೋಡಿದೋಣಿಯೇ ಅಲ್ಲ. ನಾಲ್ಕಾರು ದಿಮ್ಮಿಗಳನ್ನು ಪಕ್ಕಪಕ್ಕ ಇಟ್ಟು ಹಗ್ಗದಿಂದ ಬಿಗಿದ ತೆಪ್ಪ ಅದು. ಎರಡು ಒಡಲಿನ ದೋಣಿಗಳಲ್ಲಿ ಸಾಗರ ದಾಟಿದವರು ಪೆಸಿಫಿಕ್ ದ್ವೀಪಗಳ ಜನ. ಯುರೋಪಿನವರು ಇಲ್ಲಿಯ ಹೆಸರನ್ನು ಅಲ್ಲಿಯ ದೋಣಿಗೆ ಅಂಟಿಸಿದರು, ಅದೇ ಉಳಿದುಕೊಂಡಿತು.

ನಾವು ಮಾತಾಡುತ್ತಿರುವುದು ಅದರಲ್ಲೂ ಚಿಕ್ಕ ಜಾತಿ, ಬೀಚ್ ಕ್ಯಾಟಮರಾನ್. ಉದ್ದ ಸುಮಾರು 12ರಿಂದ 20 ಅಡಿ. ಕೋಣೆ ಇಲ್ಲ, ಎಂಜಿನ್ ಇಲ್ಲ, ಜೆಟ್ಟಿಯೂ ಬೇಕಿಲ್ಲ. ದಂಡೆಯಿಂದ ನೀರಿಗೆ ತಳ್ಳುವುದು, ಆಡಿ ಮುಗಿದ ಮೇಲೆ ದಂಡೆಗೆ ಎಳೆದುಕೊಳ್ಳುವುದು. ಇದನ್ನು ಜನಪ್ರಿಯ ಮಾಡಿದವರು ಹೋಬಿ ಆಲ್ಟರ್. ಕ್ಯಾಲಿಫೋರ್ನಿಯಾದಲ್ಲಿ ಸರ್ಫಿಂಗ್ ಹಲಗೆ ಮಾಡುತ್ತಿದ್ದ ಅವರು 1960ರ ದಶಕದ ಕೊನೆಯಲ್ಲಿ ಹೋಬಿ 14 ತಂದರು. ಅದರ ಬೆನ್ನಿಗೇ ಹೋಬಿ 16 ಬಂತು. ಈ ಎರಡನೆಯದು ಜಗತ್ತಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ತಯಾರಾಗಿದೆ.

ನಾಲ್ಕೈದು ಪದ ತಿಳಿದುಕೊಂಡರೆ ಮುಂದಿನದ್ದು ಸುಲಭ. ನೀರಿನಲ್ಲಿ ತೇಲುವ ಎರಡು ಉದ್ದನೆಯ ಕೊಳವೆಗಳನ್ನು ಇಲ್ಲಿ ಒಡಲು ಎನ್ನೋಣ. ಅವೆರಡನ್ನೂ ಅಡ್ಡ ಕೊಳವೆಗಳು ಹಿಡಿದಿರುತ್ತವೆ. ನಡುವೆ ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆ ಅಥವಾ ಬಲೆ ಟ್ರಾಂಪೊಲಿನ್. ನಾವು ಕೂರುವುದು ಅದರ ಮೇಲೆಯೇ. ನಟ್ಟ ನಡುವೆ ಹಾಯಿಕಂಬ. ಅದಕ್ಕೆ ಕಟ್ಟಿದ ದೊಡ್ಡ ಹಾಯಿ ಮೇನ್, ಮುಂದೆ ಚಿಕ್ಕದೊಂದಿದ್ದರೆ ಅದು ಜಿಬ್. ಹಿಂದೆ ನೀರಿನಲ್ಲಿ ಇಳಿದಿರುವುದು ಚುಕ್ಕಾಣಿ, ಪ್ರತಿ ಒಡಲಿಗೆ ಒಂದೊಂದು.

ಒಂದು ಸಾಲದೇ, ಎರಡೇಕೆ?

ತೀರ್ಥಹಳ್ಳಿ ಕಡೆಯ ತಿರುವು ರಸ್ತೆಯಲ್ಲಿ ಬಸ್ಸಿನಲ್ಲಿ ನಿಂತು ಹೋಗಿದ್ದೀರಾ? ಕಾಲು ಜೋಡಿಸಿ ನಿಂತವರು ಪಕ್ಕದವರ ಮೇಲೆ ಬೀಳುತ್ತಾರೆ. ಕಾಲು ಅಗಲಿಸಿ ನಿಂತವರು ಅಲುಗುವುದಿಲ್ಲ. ಕ್ಯಾಟಮರಾನ್ ಕಾಲು ಅಗಲಿಸಿ ನಿಂತ ದೋಣಿ. ಗಾಳಿ ಹಾಯಿಯನ್ನು ಪಕ್ಕಕ್ಕೆ ನೂಕಿದಾಗ, ಗಾಳಿ ಹೋಗುವ ದಿಕ್ಕಿನ ಒಡಲು ಊರುಗಾಲಾಗಿ ಹಿಡಿದುಕೊಳ್ಳುತ್ತದೆ. ನಾವು ಗಾಳಿ ಬರುವ ದಿಕ್ಕಿನ ಅಂಚಿಗೆ ಸರಿದು ಕೂತರೆ ನಮ್ಮ ತೂಕವೂ ಸೇರಿಕೊಳ್ಳುತ್ತದೆ.

ಎರಡನೆಯ ಲಾಭ ವೇಗ. ಯಾವ ದೋಣಿಯೂ ಮುಂದೆ ಹೋಗುವಾಗ ತನ್ನ ಮೂತಿಯಲ್ಲೊಂದು ಅಲೆ ಎಬ್ಬಿಸುತ್ತದೆ. ಹೊಟ್ಟೆ ಅಗಲವಾದ, ಐದು ಮೀಟರ್ ಉದ್ದದ ಸಾಮಾನ್ಯ ದೋಣಿ ಗಂಟೆಗೆ 10 ಕಿ.ಮೀ. ಹತ್ತಿರ ಬರುವಾಗ ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಷ್ಟು ತಳ್ಳಿದರೂ ಅಲೆ ದೊಡ್ಡದಾಗುತ್ತದೆಯೇ ಹೊರತು ದೋಣಿ ಓಡುವುದಿಲ್ಲ. ಕ್ಯಾಟಮರಾನಿನ ಒಡಲು ಕತ್ತಿಯಂತೆ ತೆಳ್ಳಗೆ, ನೀರನ್ನು ಸೀಳಿಕೊಂಡು ಹೋಗುತ್ತದೆ. ಎಬ್ಬಿಸುವ ಅಲೆ ಚಿಕ್ಕದು, ಸಿಕ್ಕಿಬೀಳುವ ಗುಂಡಿಯೂ ಚಿಕ್ಕದು. ಒಳ್ಳೆ ಗಾಳಿಯಲ್ಲಿ ಹೋಬಿ 16 ಗಂಟೆಗೆ 25 ಕಿ.ಮೀ. ದಾಟುತ್ತದೆ. ನೀರಿಗೆ ಒಂದಡಿ ಮೇಲೆ ಕೂತವರಿಗೆ ಆ ವೇಗ ಬೈಕಿನಲ್ಲಿ ಎಂಬತ್ತು ಹೋದ ಹಾಗಿರುತ್ತದೆ.

ಇಷ್ಟೆಲ್ಲಾ ಗುಣ ಇದ್ದ ಮೇಲೆ ದೋಷವೂ ಇರಬೇಕಲ್ಲ. ಮೊದಲನೆಯದು, ಇದು ತಿರುಗಲು ಒಲ್ಲದ ದೋಣಿ. ನಮ್ಮ ಹರಿಗೋಲು ನೆನಪಿಸಿಕೊಳ್ಳಿ. ಅದು ತಿರುಗುತ್ತಲೇ ಇರುತ್ತದೆ, ನೇರ ಹೋಗಿಸುವುದೇ ಅಂಬಿಗನ ಸಾಹಸ. ಇದು ಅದಕ್ಕೆ ತದ್ವಿರುದ್ಧ. ನೇರಕ್ಕೆ ಬಾಣ, ತಿರುವಿಗೆ ಎತ್ತಿನಗಾಡಿ. ಎರಡನೆಯದು, ಒಮ್ಮೆ ಮಗುಚಿತೆಂದರೆ ತಾನಾಗಿ ಏಳುವುದಿಲ್ಲ. ನಾವೇ ಎತ್ತಬೇಕು.

ಗಾಳಿಯ ಲೆಕ್ಕ, ಘಾಟಿಯ ಲೆಕ್ಕ

ಗಾಳಿಗೆ ಎದುರಾಗಿ ಹಾಯಿದೋಣಿ ಹೋಗುತ್ತದಾ ಎಂದು ಬಹಳ ಜನ ಕೇಳುತ್ತಾರೆ. ನೇರ ಎದುರಿಗೆ ಹೋಗುವುದಿಲ್ಲ. ಗಾಳಿ ಬರುವ ದಿಕ್ಕಿನಿಂದ ಎಡಕ್ಕೂ ಬಲಕ್ಕೂ ಹತ್ತಿರ ಹತ್ತಿರ 45 ಡಿಗ್ರಿಯಷ್ಟು ಜಾಗ ಯಾವ ಹಾಯಿದೋಣಿಗೂ ನಿಷಿದ್ಧ. ಅಲ್ಲಿ ಹಾಯಿ ಬರೀ ಪಟಪಟ ಬಡಿದುಕೊಳ್ಳುತ್ತದೆ. ಹಾಗಾದರೆ ಎದುರು ದಡಕ್ಕೆ ಹೋಗುವುದು ಹೇಗೆ? ಆಗುಂಬೆ ಘಾಟಿ ಹತ್ತಿದ ಹಾಗೆ. ಗುಡ್ಡಕ್ಕೆ ನೇರ ರಸ್ತೆ ಹಾಕಲಾಗದು ಅಂತ ತಾನೇ ಹೇರ್‌ಪಿನ್ ತಿರುವು ಹಾಕಿರುವುದು? ದೋಣಿಯೂ ಎಡಕ್ಕೊಂದಷ್ಟು ದೂರ ಓರೆಯಾಗಿ ಹೋಗಿ, ತಿರುಗಿ, ಬಲಕ್ಕೊಂದಷ್ಟು ದೂರ ಓರೆಯಾಗಿ ಹೋಗುತ್ತಾ ಹತ್ತುತ್ತದೆ. ಆ ತಿರುವಿನ ಹೆಸರು ಟ್ಯಾಕ್.

ಕ್ಯಾಟಮರಾನ್ ಕೈಕೊಡುವುದು ಈ ತಿರುವಿನಲ್ಲೇ. ಹಗುರ ದೋಣಿ, ಗಾಳಿಗೆ ಮುಖ ಮಾಡಿದ ತಕ್ಷಣ ವೇಗ ಸತ್ತುಹೋಗುತ್ತದೆ. ಘಾಟಿ ತಿರುವಿನಲ್ಲಿ ಬಸ್ಸಿನ ಎಂಜಿನ್ ಆಫ್ ಆದಂತೆ ನಟ್ಟನಡುವೆ ನಿಂತುಬಿಡುತ್ತದೆ, ಆಮೇಲೆ ಹಿಂದಕ್ಕೆ ಜಾರುತ್ತದೆ. ನಾನು ಮೊದಲ ದಿನ ಹೀಗೆ ಹಿಂದೆ ಹಿಂದೆ ಜಾರಿ, ಹೊರಟ ದಂಡೆಗೇ ಬೆನ್ನು ಮಾಡಿಕೊಂಡು ಬಂದು ತಲುಪಿದ್ದೆ. ನೋಡುತ್ತಿದ್ದವರು ಬೇಕೆಂದೇ ಹಾಗೆ ಬಂದೆ ಅಂದುಕೊಂಡರು. ನಾನೂ ಸುಮ್ಮನಿದ್ದೆ. ಜಿಬ್ ಇರುವ ದೋಣಿಯಾದರೆ ಆ ಚಿಕ್ಕ ಹಾಯಿಗೆ ಅರೆಕ್ಷಣ ಹಿಂದಿನಿಂದ ಗಾಳಿ ಹಿಡಿಸಿ ಮೂತಿಯನ್ನು ಆಚೆ ತಳ್ಳಿಸಬಹುದು. ಕಲಿಯಲು ಎರಡು ಮೂರು ದಿನ ಸಾಕು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಮಳೆಗಾಲದಲ್ಲಿ ಕೊಡೆ ಹಿಡಿದವರಿಗೆಲ್ಲ ಇದು ಗೊತ್ತು. ಸಾಧಾರಣ ಗಾಳಿಗೆ ಕೊಡೆ ಸುಮ್ನೆ ಎಳೆಯುತ್ತದೆ, ಸ್ವಲ್ಪ ಜೋರಾದರೆ ಮಗುಚಿ ಬಟ್ಟಲಾಗುತ್ತದೆ. ಹಾಯಿಯೂ ಒಂದು ಕೊಡೆಯೇ. ಹಾಯಿಯನ್ನು ಅರ್ಧ ಸುತ್ತಿ ಚಿಕ್ಕದು ಮಾಡುವ ಅನುಕೂಲ ದೊಡ್ಡ ಹಾಯಿದೋಣಿಗಳಲ್ಲಿ ಇರುತ್ತದೆ. ಚಿಕ್ಕ ಕ್ಯಾಟಮರಾನ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಹಾಯಿ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಕೊಳ್ಳುವಾಗಲೇ ತೀರ್ಮಾನಿಸಿದ ಹಾಗೆ.

ಹೋಬಿ 16ರ ಎರಡು ಹಾಯಿ ಸೇರಿ ಸುಮಾರು 218 ಚದರಡಿ. ಅಂದರೆ 14ಕ್ಕೆ 15 ಅಡಿಯ ಹಾಲಿನ ನೆಲಕ್ಕಿಂತ ತುಸು ಜಾಸ್ತಿ. ಅದೇ ಕಂಪನಿಯ ಚಿಕ್ಕ ದೋಣಿ ಹೋಬಿ ವೇವ್‌ನದ್ದು ಸುಮಾರು 95 ಚದರಡಿ, ಹತ್ತಕ್ಕೆ ಹತ್ತರ ಮಲಗುವ ಕೋಣೆಗಿಂತ ತುಸು ಕಡಿಮೆ. ಅಷ್ಟು ದೊಡ್ಡ ಕೊಡೆ ಹಿಡಿದು ನಿಲ್ಲುವುದನ್ನು ಊಹಿಸಿಕೊಳ್ಳಿ.

ಉಪಕರಣ ಇಲ್ಲದೆ ಗಾಳಿ ಅಳೆಯಲು ನೀರು ನೋಡಿದರೆ ಸಾಕು. ಅಲೆಗಳ ತಲೆ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಗಾಳಿ ಗಂಟೆಗೆ 12ರಿಂದ 19 ಕಿ.ಮೀ. ಆಸುಪಾಸು. ಕಲಿಯುವವರಿಗೆ ಇದು ಹಬ್ಬ. ಕಣ್ಣು ಹಾಯಿಸಿದಲ್ಲೆಲ್ಲ ನೊರೆ ಕಾಣತೊಡಗಿದರೆ 20 ದಾಟಿದೆ. ಹೊಸಬರು ಆವತ್ತು ದಂಡೆಯಲ್ಲಿ ಮಂಡಕ್ಕಿ ತಿನ್ನುವುದು ವಾಸಿ.

ದೋಣಿಗಿಂತ ಮೊದಲು ನೀರು ನೋಡಿ

ದೋಣಿ ಮಾರುವವರ ಚಿತ್ರಗಳಲ್ಲಿ ನೀಲಿ ಸಮುದ್ರ, ಬಿಳಿ ಮರಳು ಇರುತ್ತದೆ. ನಮ್ಮದು ಅದಲ್ಲ. ಆಯ್ಕೆ ತಪ್ಪುವುದು ಬಹುಪಾಲು ಇಲ್ಲೇ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಅದರ ಹಿನ್ನೀರು ಕಾಡು, ಗದ್ದೆ, ತೋಟ, ಊರುಗಳ ಮೇಲೆ ನಿಂತ ನೀರು. ಹೊನ್ನೆಮರಡು ಕಡೆ ಹೋದವರು ನೀರಿನಿಂದ ಎದ್ದು ನಿಂತ ಬೋಳು ಮರಗಳನ್ನು ನೋಡಿರುತ್ತೀರಿ. ಕಾಣುವ ಮರ ಅಪಾಯವಲ್ಲ, ತಪ್ಪಿಸಿಕೊಂಡು ಹೋಗಬಹುದು. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಅಡಗಿ ಕೂತ ಬೊಡ್ಡೆ ಅಪಾಯ. ಅದೂ ಒಂದೇ ಜಾಗದಲ್ಲಿರುವುದಿಲ್ಲ. ನೀರು ಇಳಿದಂತೆ ನಿನ್ನೆಯವರೆಗೆ ಆಳದಲ್ಲಿದ್ದ ಬೊಡ್ಡೆ ಇವತ್ತು ಒಡಲಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಬೊಡ್ಡೆ ಹಾಗಿರಲಿ, ಮಡೆನೂರಿನ ಹಳೆಯ ಅಣೆಕಟ್ಟು ಪೂರ್ತಿಯಾಗಿ ಈ ನೀರಿನಡಿ ಮುಳುಗಿದೆ. ಬೇಸಿಗೆಯಲ್ಲಿ ಮಟ್ಟ ತೀರಾ ಇಳಿದ ವರ್ಷ ಅದು ಎದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಒಂದು ಅಣೆಕಟ್ಟನ್ನೇ ಬಚ್ಚಿಟ್ಟುಕೊಳ್ಳುವ ನೀರಿದು.

ಮಟ್ಟ ಇಳಿಯುವುದರಿಂದ ಇನ್ನೊಂದು ಪೇಚು. ಸಮುದ್ರದಲ್ಲಿ ಇಳಿತ ಭರತ ದಿನಕ್ಕೆರಡು ಸಲ, ಬೆಳಿಗ್ಗೆ ಹೋದ ನೀರು ಸಂಜೆಗೆ ವಾಪಸ್. ನಮ್ಮ ಹಿನ್ನೀರಿನಲ್ಲಿ ವರ್ಷಕ್ಕೊಂದೇ ಇಳಿತ, ವರ್ಷಕ್ಕೊಂದೇ ಭರತ. ಮಳೆಗಾಲದ ಕೊನೆಗೆ ಅಂಗಳದ ಹತ್ತಿರ ಇದ್ದ ನೀರು ಮೇ ಹೊತ್ತಿಗೆ ಹತ್ತಾರು ಅಡಿ ಇಳಿದು, ಇಳಿಜಾರು ಕಡಿಮೆ ಇರುವ ಕಡೆ ಬಹುದೂರ ಸರಿದಿರುತ್ತದೆ. ನಡುವೆ ಉಳಿಯುವುದು ಮೊದಲು ಮೊಣಕಾಲುದ್ದ ಕೆಸರು, ಆಮೇಲೆ ಬಿರುಕು ಬಿಟ್ಟ ನೆಲ. ದೋಣಿಯನ್ನು ಅಷ್ಟು ದೂರ ಎಳೆಯಬೇಕು. ಭಾವನಿಗೆ ಹೆಜ್ಜೆ ಎಣಿಸಲು ಹೇಳಿದ್ದು ಇದಕ್ಕೇ.

ಮೂರನೆಯದು ಗುಡ್ಡದ ಗಾಳಿ. ಸಮುದ್ರದ ಮೇಲೆ ಗಾಳಿಗೆ ಅಡ್ಡಿಯಿಲ್ಲ, ಒಂದೇ ಸಮ ಬೀಸುತ್ತದೆ. ಇಲ್ಲಿ ಗುಡ್ಡದ ಮರೆಯಲ್ಲಿ ಗಾಳಿ ಪೂರ್ತಿ ಬಿದ್ದುಹೋಗುತ್ತದೆ. ಎರಡು ಗುಡ್ಡಗಳ ನಡುವಿನ ಕಣಿವೆ ಬಾಯಿಗೆ ಬಂದ ಕೂಡಲೇ ಯಾರೋ ಬಾಗಿಲು ತೆಗೆದಂತೆ ನುಗ್ಗುತ್ತದೆ. ದಿಕ್ಕೂ ಬದಲಾಗಿರುತ್ತದೆ. ಇಂಥ ಹೊಡೆತದ ಗಾಳಿಗೆ ದೊಡ್ಡ ಹಾಯಿ ಕಟ್ಟಿಕೊಂಡು ಹೋದರೆ ಅರ್ಧ ಗಂಟೆ ಬೇಸರ, ಹತ್ತು ಸೆಕೆಂಡು ಗಾಬರಿ, ಮತ್ತೆ ಬೇಸರ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆ ಗಾಳಿಯ ಮಾತೇ ಬೇಡ. ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಅಡ್ಡಮಳೆಗೆ ಮುಂಚೆ ಬರುವ ಗಾಳಿ ಅದಕ್ಕಿಂತ ಕೇಡು, ಯಾಕಂದ್ರೆ ಅದು ಹೇಳಿ ಬರುವುದಿಲ್ಲ. ಮಳೆ ಕಳೆದು ನೀರು ತುಂಬಿರುವ ತಿಂಗಳುಗಳೇ ನಮ್ಮ ಕಡೆಗೆ ಸರಿಯಾದ ಕಾಲ.

ಭದ್ರಾ ಹಿನ್ನೀರಿಗೂ ಈ ಮಾತು ಹೆಚ್ಚುಕಡಿಮೆ ಒಪ್ಪುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟಿನ ನೀರು ಚಿಕ್ಕದು, ಓಡಾಡಲು ಜಾಗ ಕಡಿಮೆ.

ಅಡಿಯಲ್ಲಿ ಹಲಗೆ ಬೇಕೇ?

ಗಾಳಿ ಪಕ್ಕದಿಂದ ನೂಕಿದಾಗ ದೋಣಿ ಮುಂದೆ ಹೋಗುವ ಬದಲು ಅಡ್ಡಡ್ಡ ಜಾರಬಾರದು. ಅದಕ್ಕೆ ನೀರಿನಲ್ಲಿ ಏನಾದರೂ ಕಚ್ಚಿಕೊಳ್ಳಬೇಕು, ನೇಗಿಲಿನ ಗುಳ ಮಣ್ಣು ಕಚ್ಚಿದ ಹಾಗೆ. ಇದನ್ನು ಮೂರು ರೀತಿ ಮಾಡುತ್ತಾರೆ.

ಸ್ಪರ್ಧೆಯ ದೋಣಿಗಳಲ್ಲಿ ಒಡಲಿನ ಒಳಗಿಂದ ಕೆಳಗೆ ಇಳಿಬಿಡುವ ಹಲಗೆ ಇರುತ್ತದೆ. ಅದಕ್ಕೆ ಡ್ಯಾಗರ್‌ಬೋರ್ಡ್ ಎನ್ನುತ್ತಾರೆ. ಗಾಳಿಗೆ ಎದುರು ಹತ್ತುವಾಗ ಇದರಷ್ಟು ಚೆನ್ನಾಗಿ ಇನ್ನಾವುದೂ ಹಿಡಿಯುವುದಿಲ್ಲ. ಆದರೆ ವೇಗದಲ್ಲಿ ಹೋಗುವಾಗ ಆ ಹಲಗೆ ಬೊಡ್ಡೆಗೆ ಬಡಿದರೆ ಹಲಗೆಯೂ ಹೋಯಿತು, ಅದು ಕೂರುವ ಒಡಲಿನ ಸೀಳೂ ಹರಿಯಿತು. ಕೂತವರು ಮುಂದಕ್ಕೆ ಹಾರುತ್ತಾರೆ.

ಎರಡನೆಯ ರೀತಿ ಹೋಬಿ 16ರದ್ದು. ಹಲಗೆಯೇ ಇಲ್ಲ. ಒಡಲುಗಳನ್ನೇ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬಾಗಿ ಮಾಡಿ, ಆ ಆಕಾರವೇ ಜಾರದಂತೆ ತಡೆಯುವ ಹಾಗೆ ಮಾಡಿದ್ದಾರೆ. ಪಕ್ಕದಿಂದ ನೋಡಿದರೆ ಬಾಳೆಹಣ್ಣಿನಂತೆ ಬಾಗಿರುತ್ತದೆ. ಮೂರನೆಯದು, ಒಡಲಿನ ಅಡಿಯಲ್ಲೇ ಒಂದು ಗಟ್ಟಿ ಏಣು ಮೂಡಿಸುವುದು. ಅದಕ್ಕೆ ಸ್ಕೆಗ್ ಎಂದು ಹೆಸರು. ಹೋಬಿ ವೇವ್, ಡಾರ್ಟ್ 18 ಈ ಜಾತಿಯವು. ಬೊಡ್ಡೆಯ ನೀರಿಗೆ ಕೊನೆಯ ಎರಡರಲ್ಲಿ ಒಂದನ್ನು ಹಿಡಿಯಿರಿ. ಚುಕ್ಕಾಣಿ ಏನಾದರೂ ತಾಗಿದ ಕೂಡಲೇ ತಾನೇ ಮೇಲಕ್ಕೆ ಮಡಚಿಕೊಳ್ಳುವಂಥದ್ದು ಇರಬೇಕು. ಬೀಚ್ ಕ್ಯಾಟಮರಾನ್‌ಗಳಲ್ಲಿ ಅದು ಸಾಮಾನ್ಯ. ಹಳೆಯದರಲ್ಲಿ ತುಕ್ಕು ಹಿಡಿದು ಬಿಗಿದುಕೊಂಡಿರುತ್ತದೆ, ಎತ್ತಿ ಇಳಿಸಿ ನೋಡಿ.

ತೂಕ: ಕೂರುವವರದ್ದು, ಎತ್ತುವವರದ್ದು, ಎಳೆಯುವವರದ್ದು

ಎಷ್ಟು ಜನ ಕೂರಬಹುದು ಎಂದು ಎಲ್ಲರೂ ಕೇಳುತ್ತಾರೆ. ಜನರಲ್ಲ, ಕಿಲೋ ಕೇಳಬೇಕು. ತೆಳ್ಳನೆಯ ಒಡಲಿಗೆ ಭಾರ ಆಗಿಬರುವುದಿಲ್ಲ. ಇಬ್ಬರಿಗೆಂದು ಮಾಡಿದ ಹೋಬಿ 16ರಲ್ಲಿ ನಾಲ್ಕು ಜನ ಕೂತರೆ ಹಿಂಭಾಗ ನೀರಿನಲ್ಲಿ ಹೂತು, ಟ್ರಾಂಪೊಲಿನ್ ಒದ್ದೆಯಾಗಿ, ತಿರುಗಿಸುವುದೇ ಕಷ್ಟವಾಗುತ್ತದೆ. ಅವರೇ ಮುಂದೆ ಸರಿದು ಕೂತರೆ ಇನ್ನೂ ಕೆಟ್ಟದು. ಜೋರು ಗಾಳಿ ಹಿಂದಿನಿಂದ ತಳ್ಳುವಾಗ ಒಡಲಿನ ಮೂತಿ ನೀರಿಗೆ ಚುಚ್ಚಿಕೊಂಡು, ದೋಣಿ ಮುಂದಕ್ಕೆ ಲಾಗ ಹಾಕುತ್ತದೆ. ಇದಕ್ಕೆ ಪಿಚ್‌ಪೋಲ್ ಎನ್ನುತ್ತಾರೆ. ಮೂತಿ ಸಪೂರವಾಗಿರುವ ಹೋಬಿ 16ಕ್ಕೆ ಈ ಚಾಳಿ ಇದೆ, ಅದರ ಅಭಿಮಾನಿಗಳೂ ಒಪ್ಪುತ್ತಾರೆ. ಮನೆಮಂದಿಯನ್ನೆಲ್ಲ ಕೂರಿಸಬೇಕಾದರೆ ಒಡಲು ದಪ್ಪವಿರುವ ದೋಣಿ ಬೇಕು. ವೇಗ ಕಡಿಮೆಯಾಗುತ್ತದೆ, ಆಗಲಿ.

ಮಗುಚಿದರೆ ಏನು ಮಾಡಬೇಕು? ದೋಣಿ ಪಕ್ಕಕ್ಕೆ ಮಲಗಿರುತ್ತದೆ, ಒಂದು ಒಡಲು ನೀರಿನಲ್ಲಿ, ಇನ್ನೊಂದು ಗಾಳಿಯಲ್ಲಿ. ಹಾಯಿಕಂಬ ಗಾಳಿ ಬರುವ ದಿಕ್ಕಿಗೆ ಇರುವಂತೆ ತಿರುಗಿಸಿಕೊಳ್ಳಬೇಕು. ಮೇಲಿನ ಒಡಲಿಗೆ ಕಟ್ಟಿದ ಹಗ್ಗ ಹಿಡಿದು, ಕೆಳಗಿನ ಒಡಲಿನ ಮೇಲೆ ನಿಂತು, ಬಾವಿಯಿಂದ ಕೊಡ ಎಳೆಯುವವರಂತೆ ಹಿಂದಕ್ಕೆ ಜಗ್ಗಬೇಕು. ಹಾಯಿ ನೀರಿನಿಂದ ಸ್ವಲ್ಪ ಎದ್ದ ಮೇಲೆ ಗಾಳಿಯೇ ಅದರಡಿ ನುಗ್ಗಿ ಎತ್ತುತ್ತದೆ. ಇಲ್ಲಿ ಬಲಕ್ಕಿಂತ ತೂಕ ಮುಖ್ಯ. ಹೋಬಿ 16 ಎತ್ತಲು ಹಗ್ಗ ಹಿಡಿದವರ ಒಟ್ಟು ತೂಕ ಸುಮಾರು 135 ಕಿಲೋ ಇರಬೇಕು ಎನ್ನುವುದು ಓಡಿಸುವವರ ಲೆಕ್ಕ. ಅರವತ್ತು ಕಿಲೋದವರು ಒಬ್ಬರೇ ಹೋಗಿ ಮಗುಚಿಕೊಂಡರೆ ಯಾರಾದರೂ ಬರುವವರೆಗೆ ತೇಲುತ್ತಾ ಕೂರಬೇಕು, ಅದೂ ಫೋನ್ ಸಿಗ್ನಲ್ ಸಿಗದ ತಿರುವಿನಲ್ಲಿ. ಒಬ್ಬರೇ ಹೋಗುವ ಆಸೆ ಇದ್ದರೆ ಒಬ್ಬರೇ ಎತ್ತಬಲ್ಲ ದೋಣಿಯನ್ನೇ ಕೊಳ್ಳಬೇಕು. ಕೊಳ್ಳುವ ಮೊದಲು ಆಳ ಕಡಿಮೆ ಇರುವಲ್ಲಿ ಬೇಕೆಂದೇ ಮಗುಚಿ ಎತ್ತಿ ನೋಡಬೇಕು. ಕಂಬದ ತುದಿಗೆ ಗಾಳಿ ತುಂಬಿದ ತೇಲುಗುಂಡು ಕಟ್ಟಿಸಿಕೊಳ್ಳಿ. ಅದಿದ್ದರೆ ಕಂಬ ಕೆಳಗಾಗಿ ದೋಣಿ ಪೂರ್ತಿ ಬುಡಮೇಲಾಗುವುದು ತಪ್ಪುತ್ತದೆ. ಮುಳುಗಿದ ಕಾಡಿನ ಮೇಲೆ ಕಂಬ ಕೆಳಗೆ ಮಾಡಿಕೊಂಡರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇನ್ನು ಎಳೆಯುವುದು. 13 ಅಡಿಯ ಹೋಬಿ ವೇವ್ ಸುಮಾರು 111 ಕಿಲೋ, ಎರಡು ಸಿಮೆಂಟ್ ಚೀಲಕ್ಕಿಂತ ಚೂರು ಜಾಸ್ತಿ. ಹೋಬಿ 16 ಸುಮಾರು 145 ಕಿಲೋ, ಮೂರು ಚೀಲ. ಅಷ್ಟೇ ಉದ್ದದ, ಮನೆಮಂದಿಗೆಂದು ಮಾಡಿದ ಹೋಬಿ ಗೆಟವೇ 175 ಕಿಲೋ ದಾಟುತ್ತದೆ, ಮೂರೂವರೆ ಚೀಲ. ಮೂರು ಚೀಲ ಹೊರುವುದು ನಾಲ್ಕು ಜನಕ್ಕೆ ದೊಡ್ಡದಲ್ಲ, ಕೆಸರಿನಲ್ಲಿ ದಿನಾ ಎಳೆಯುವುದು ದೊಡ್ಡದು. ಅದಕ್ಕೆ ದಪ್ಪ ಬಲೂನಿನಂಥ ಎರಡು ಚಕ್ರದ ಗಾಡಿ ಸಿಗುತ್ತದೆ. ದೋಣಿಯ ದುಡ್ಡಿನ ಜೊತೆಗೇ ಅದಕ್ಕೂ ದುಡ್ಡು ತೆಗೆದಿಡಿ. ತೆಳು ಚಕ್ರ ನಮ್ಮ ಕೆಸರಿಗೆ ನಡೆಯುವುದಿಲ್ಲ.

ರಸ್ತೆಯ ಲೆಕ್ಕವೂ ಇದೆ. ಹೋಬಿ 16 ಅಗಲ 2.4 ಮೀಟರ್, ಉದ್ದ ಐದು ಮೀಟರ್. ಟ್ರೇಲರಿನ ಮೇಲೆ ಹಾಗೇ ಇಟ್ಟರೆ ಹತ್ತಿರ ಹತ್ತಿರ ಬಸ್ಸಿನಷ್ಟು ಅಗಲ. ಹೊನ್ನಾವರದಿಂದ ಘಟ್ಟ ಹತ್ತಿಸುವುದಾದರೆ ಅಡ್ಡ ಕೊಳವೆ ಬಿಚ್ಚಿ, ಒಡಲುಗಳನ್ನು ಬೇರೆ ಮಾಡಿ ತರುವುದು ಒಳ್ಳೆಯದು. ಸ್ಪಾನರ್ ಇದ್ದರೆ ಮುಗಿಯುವ ಕೆಲಸ.

ಟ್ಯಾಂಕಿನ ಪ್ಲಾಸ್ಟಿಕ್ಕೋ, ಫೈಬರ್ರೋ?

ಮನೆ ಮೇಲಿನ ಕಪ್ಪು ನೀರಿನ ಟ್ಯಾಂಕ್ ಹೇಗೆ ಮಾಡುತ್ತಾರೋ ಹೋಬಿ ವೇವ್ ಮತ್ತು ಗೆಟವೇಯ ಒಡಲನ್ನೂ ಹಾಗೇ ಮಾಡುತ್ತಾರೆ. ಪ್ಲಾಸ್ಟಿಕ್ ಪುಡಿಯನ್ನು ಅಚ್ಚಿನಲ್ಲಿ ಹಾಕಿ, ಬಿಸಿ ಮಾಡುತ್ತಾ ತಿರುಗಿಸುತ್ತಾರೆ. ಭಾರ ಜಾಸ್ತಿ, ಆದರೆ ಕಲ್ಲಿಗೆ ತಾಗಿದರೆ ಗೀರು ಬೀಳುತ್ತದೆ ಅಷ್ಟೇ. ಫೈಬರ್‌ಗ್ಲಾಸ್ ಎಂದರೆ ಗಾಜಿನ ನಾರಿನ ಬಟ್ಟೆಗೆ ಅಂಟು ಕುಡಿಸಿ ಗಟ್ಟಿ ಮಾಡಿದ್ದು. ಹಗುರ, ಬಿಗಿ, ವೇಗ. ಬೊಡ್ಡೆಗೆ ಬಡಿದರೆ ಒಡೆಯುತ್ತದೆ, ಆದರೆ ಕೆಲಸ ಗೊತ್ತಿರುವವರು ತೇಪೆ ಹಾಕಬಹುದು. ಪ್ಲಾಸ್ಟಿಕ್ ಸುಲಭಕ್ಕೆ ಒಡೆಯದು. ಒಡೆದರೆ ಯಾವ ಅಂಟೂ ಹಿಡಿಯುವುದಿಲ್ಲ, ಬಿಸಿ ಮಾಡಿ ಬೆಸೆಯಬೇಕು. ಎರಡಕ್ಕೂ ಬಿಸಿಲು ವೈರಿ. ಅಡಿಕೆ ಸಸಿಗೆ ಕಟ್ಟುವ ಹಸಿರು ನೆರಳು ಬಲೆ ಮೇಲೆ ಹೊದಿಸಿದರೂ ಆಯಸ್ಸು ಹೆಚ್ಚುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಮಕ್ಕಳು, ನೆಂಟರು, ಎಂದೂ ಹಾಯಿ ಮುಟ್ಟದ ಅತಿಥಿಗಳು ಇರುವಲ್ಲಿ ವೇವ್ ಥರದ, ಒಂದೇ ಹಾಯಿಯ ಪ್ಲಾಸ್ಟಿಕ್ ದೋಣಿಯ ಕಡೆಗೇ ನನ್ನ ಮನಸ್ಸು. ಇದರ ಹಾಯಿಯ ಕೆಳಗೆ ಅಡ್ಡಗಂಬ ಇಲ್ಲ. ದೋಣಿ ತಿರುಗುವಾಗ ಆ ಅಡ್ಡಗಂಬ ತಲೆಗೆ ಬಡಿಯುವುದು ಹೊಸಬರ ಮಾಮೂಲಿ ಅನುಭವ. ನನಗೂ ಒಂದು ಗುರುತಿದೆ. ನಾಲ್ಕೈದು ಜನ ಒಟ್ಟಿಗೇ ಹೋಗಲೇಬೇಕು ಎಂದರೆ ಗೆಟವೇ ಥರದ್ದು, ಆದರೆ ಎಳೆಯಲು ಜನ ಇಟ್ಟುಕೊಳ್ಳಿ.

ಇಬ್ಬರು ಗಟ್ಟಿ ಜೊತೆಗಾರರಿದ್ದು, ಕಲಿಯುವ ಹಟ ಇದ್ದು, ಆಗಾಗ ಘಟ್ಟ ಇಳಿದು ಸಮುದ್ರಕ್ಕೂ ಹೋಗುವವರಾದರೆ ಹೋಬಿ 16 ಇಂದಿಗೂ ಮೋಸವಿಲ್ಲ. ಅದರಲ್ಲಿ ಸೊಂಟಕ್ಕೆ ಕೊಕ್ಕೆ ಹಾಕಿಕೊಂಡು, ಕಂಬದಿಂದ ಬಂದ ತಂತಿಗೆ ಜೋತು, ದೋಣಿಯಾಚೆ ನಿಲ್ಲುವ ಆಟ ಇದೆ. ಹೆಸರು ಟ್ರಪೀಜ್. ಅಡಿಕೆ ಕೊನೆ ತೆಗೆಯುವವರು ಮರದಿಂದ ಮರಕ್ಕೆ ತೂಗಿಕೊಂಡು ಹೋಗುವುದನ್ನು ನೋಡಿ ಬೆಳೆದವರಿಗೆ ಅದು ಬೆರಗೇನಲ್ಲ.

ಸ್ಪರ್ಧೆಯ ದೋಣಿಗಳ ಮಾತು ಬೇರೆಯೇ. 1976ರಿಂದ 2008ರವರೆಗೆ ಒಲಿಂಪಿಕ್ಸಿನಲ್ಲಿದ್ದ ಟೊರ್ನಾಡೊ 20 ಅಡಿ ಉದ್ದ, 10 ಅಡಿ ಅಗಲ. 2016ರಲ್ಲಿ ಬಂದ ನ್ಯಾಕ್ರಾ 17ರ ಈಗಿನ ರೂಪ ನೀರಿನಡಿಯ ರೆಕ್ಕೆಗಳ ಮೇಲೆ ಎದ್ದು ಹಾರುತ್ತದೆ. ವಿಡಿಯೋ ನೋಡಲು ಚಂದ. ನಮ್ಮ ಬೊಡ್ಡೆಗಳ ನಡುವೆ ಬೇಡ.

ಹಳೆಯದು ಕೊಳ್ಳುವಾಗ

ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ಎಂದು ತಟ್ಟಿ ನೋಡುತ್ತೇವಲ್ಲ, ಫೈಬರ್ ಒಡಲನ್ನೂ ನಾಣ್ಯದಿಂದ ಹಾಗೇ ತಟ್ಟುತ್ತಾ ಹೋಗಿ. ಟಣ್ ಎಂಬ ಸದ್ದು ಒಂದೇ ಸಮ ಬಂದರೆ ಸರಿ. ಎಲ್ಲಾದರೂ ಡಬ್ ಎಂದರೆ ಅಲ್ಲಿ ಪದರ ಬಿಟ್ಟುಕೊಂಡಿದೆ. ಹೆಬ್ಬೆರಳಿನಿಂದ ಒತ್ತಿ, ಮೆತ್ತಗಿದ್ದರೆ ವಾಪಸ್ ಬನ್ನಿ. ಒಡಲಿನ ಹಿಂದೆ ನೀರು ಬಸಿಯುವ ಬಿರಡೆ ಇರುತ್ತದೆ. ಅದರ ಮೂಲಕ ಬಾಯಿಂದಲೇ ಗಾಳಿ ಊದಿ, ಕೀಲುಗಳ ಮೇಲೆ ಸೋಪಿನ ನೀರು ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ, ಪಂಕ್ಚರ್ ಅಂಗಡಿಯ ಉಪಾಯವೇ. ಕಂಬ ಹಿಡಿದ ತಂತಿಗಳಲ್ಲಿ ಒಂದೇ ಒಂದು ಎಳೆ ಬಿಟ್ಟಿದ್ದರೂ ತಂತಿ ಬದಲಿಸಬೇಕು. ಸಮುದ್ರದಲ್ಲಿ ಓಡಿದ ದೋಣಿಯಾದರೆ ಅಲ್ಯೂಮಿನಿಯಂ ಕಂಬಕ್ಕೆ ಸ್ಟೀಲಿನ ತಿರುಪು ಸೇರುವ ಕಡೆ ಬಿಳಿ ಪುಡಿ ಎದ್ದಿರುತ್ತದೆ, ಉಪ್ಪು ತಿಂದ ಗುರುತು. ಟ್ರಾಂಪೊಲಿನ್ನಿನ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ. ಬಟ್ಟೆ ಗಟ್ಟಿಯಿದ್ದು ದಾರ ಬಿಸಿಲಿಗೆ ಪುಡಿಯಾಗಿರುವುದು ಸಾಮಾನ್ಯ.

ನೀರಿಗಿಳಿಸುವ ಮುನ್ನ

ಹಿನ್ನೀರು ಯಾರಪ್ಪನದ್ದೂ ಅಲ್ಲ ಎಂದು ನಾವು ಮಾತಿಗೆ ಹೇಳಿದರೂ ಅದಕ್ಕೆ ಯಜಮಾನರಿದ್ದಾರೆ. ಲಿಂಗನಮಕ್ಕಿ ಕರ್ನಾಟಕ ವಿದ್ಯುತ್ ನಿಗಮದ್ದು. ಶರಾವತಿ ಕಣಿವೆಯ ಬಹಳಷ್ಟು ಭಾಗ ಅಭಯಾರಣ್ಯ. ಭದ್ರಾ ಹಿನ್ನೀರಿನ ಪಕ್ಕ ಹುಲಿ ಮೀಸಲು ಅರಣ್ಯ. ನಿಮ್ಮ ದಂಡೆ ಯಾರ ಕೈಕೆಳಗೆ ಬರುತ್ತದೆ ಎಂದು ವಿಚಾರಿಸಿ, ಬರಹದಲ್ಲಿ ಅನುಮತಿ ಪಡೆದ ಮೇಲೆಯೇ ದುಡ್ಡು ಕೊಡಿ. ಅತಿಥಿಗಳಿಂದ ಹಣ ಪಡೆದು ಕೂರಿಸುವುದಾದರೆ ಕಾಗದಪತ್ರ ಇನ್ನೂ ಜಾಸ್ತಿ.

ಕಂಬದ ಎತ್ತರ ಮರೆಯಬೇಡಿ. ಹೋಬಿ 16ರ ಕಂಬ 8 ಮೀಟರ್, ಎರಡಂತಸ್ತಿನ ಮನೆಗಿಂತ ಎತ್ತರ. ದಂಡೆಯಲ್ಲಿ ಕಂಬ ನಿಲ್ಲಿಸುವಾಗ, ಚಕ್ರದ ಮೇಲೆ ತಳ್ಳಿಕೊಂಡು ಹೋಗುವಾಗ ಮೇಲೆ ವಿದ್ಯುತ್ ತಂತಿ ಇದೆಯೇ ನೋಡಿ. ಅಲ್ಯೂಮಿನಿಯಂ ಕಂಬ ತಂತಿಗೆ ತಾಗಿ ಜನ ಸತ್ತಿದ್ದಾರೆ. ಅದಕ್ಕೇ ಮುಂದೆ ಹೋಬಿ 16ರ ಕಂಬದ ಮೇಲಿನ ತುಂಡನ್ನು ವಿದ್ಯುತ್ ಹರಿಯದ ಫೈಬರಿನಲ್ಲಿ ಮಾಡತೊಡಗಿದರು. ಹಳೆಯ ದೋಣಿ ಸಿಕ್ಕರೆ ತುದಿ ಯಾವುದರದ್ದು ಎಂದು ಕೇಳಿ. ಗುಡುಗು ಕೇಳಿದರೆ ದಂಡೆಗೆ ಬನ್ನಿ. ಬಯಲು ನೀರಿನಲ್ಲಿ ಅಷ್ಟೆತ್ತರದ ಲೋಹದ ಕಂಬ ನಿಮ್ಮದೊಂದೇ. ಲೈಫ್ ಜಾಕೆಟ್ ಈಜು ಬರುವವರಿಗೂ ಬೇಕು. ಸೊಂಟದಲ್ಲಿ ಒಂದು ಚಾಕು ಇರಲಿ, ಮಗುಚಿದಾಗ ಕಾಲಿಗೆ ಸುತ್ತಿಕೊಂಡ ಹಗ್ಗ ಕತ್ತರಿಸಲು.

ಭಾವ ನಿನ್ನೆ ಮತ್ತೆ ಫೋನ್ ಮಾಡಿದ್ದರು. ಈಗಿನ ನೀರಿಗೆ 40 ಹೆಜ್ಜೆಯಂತೆ. ಮೇ ತಿಂಗಳ ಗುರುತು ಎಲ್ಲಿ ಎಂದು ಅಕ್ಕನನ್ನು ಕೇಳಿದ್ದಕ್ಕೆ, ಕಳೆದ ಬೇಸಿಗೆಯಲ್ಲಿ ಎಮ್ಮೆ ಹೂತುಕೊಂಡಿದ್ದ ಜಾಗ ತೋರಿಸಿದಳಂತೆ. ಅದು ಈಗ ನೀರಿನ ನಡುವೆ, ಎಣಿಸಲು ಹೆಜ್ಜೆ ಇಡುವ ಹಾಗಿಲ್ಲ. "ಆ ಹದಿನಾರಡಿಯದ್ದು ಬೇಡ ಬಿಡು," ಅಂದರು. "ಬಲೂನ್ ಚಕ್ರ ಎಲ್ಲಿ ಸಿಗುತ್ತೆ ಹೇಳು ಮೊದಲು."